ಸೋಮಾರಿತನವಲ್ಲ, ಕಾಯಿಲೆ

ಕೋಲಾರ ತಾಲೂಕಿನ ಹೋಳೂರು ಹೋಬಳಿಯಲ್ಲಾಗಲಿ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಕಡೆಯಲ್ಲಾಗಲಿ, ರೇಷ್ಮೆ ಹುಳು ಸಾಕುವವರಿಗೆ ಒಂದು ಸಂಗತಿ ಚೆನ್ನಾಗಿ ಗೊತ್ತು. ಪೊರೆ ಬಿಡುವ ಮುನ್ನ ಹುಳು ಸೊಪ್ಪು ತಿನ್ನುವುದನ್ನು ಬಿಟ್ಟು, ತಲೆಯೆತ್ತಿ, ಅಲ್ಲಾಡದೆ ಇದ್ದುಬಿಡುತ್ತದೆ. ಅದು ಜ್ವರಕ್ಕೆ ಕೂತಿದೆ ಎನ್ನುತ್ತಾರೆಯೇ ಹೊರತು ಮೈಗಳ್ಳ ಹುಳು ಎಂದು ಯಾರೂ ಬಯ್ಯುವುದಿಲ್ಲ. ಆದರೆ ಅದೇ ಮನೆಯ ಇಪ್ಪತ್ತೆರಡು ವಯಸ್ಸಿನ ಮಗ ಓದು ಬಿಟ್ಟು, ಸ್ನೇಹ ಬಿಟ್ಟು, ಸ್ನಾನವನ್ನೂ ಮರೆತು ತಿಂಗಳುಗಟ್ಟಲೆ ಮೂಲೆ ಹಿಡಿದರೆ, ಮನೆಯವರ ಬಾಯಿಗೆ ಮೊದಲು ಬರುವುದು ‘ಸೋಮಾರಿ’ ಎಂಬ ಮಾತೇ. ಹುಳುವಿನ ಜ್ವರ ಒಂದೆರಡು ದಿನದಲ್ಲಿ ತಾನಾಗಿ ಇಳಿಯುತ್ತದೆ. ಮನುಷ್ಯನ ಈ ಸ್ಥಿತಿಗೆ ಮಾತ್ರ ಇನ್ನೊಬ್ಬರ ನೆರವು ಬೇಕು.

ಈ ಸ್ಥಿತಿಗೆ ಬೇರೆ ಕಾರಣಗಳೂ ಇರಬಹುದು. ಅವುಗಳಲ್ಲಿ ಮುಖ್ಯವಾದ ಒಂದು ಸ್ಕಿಜೋಫ್ರೀನಿಯ. ೧೯೦೮ರಲ್ಲಿ ಈ ಹೆಸರನ್ನಿಟ್ಟವರು ಸ್ವಿಟ್ಜರ್ಲೆಂಡಿನ ವೈದ್ಯ ಬ್ಲಾಯ್ಲರ್. ಒಬ್ಬನೊಳಗೆ ಇಬ್ಬರು ಮನುಷ್ಯರಿದ್ದಾರೆ ಎಂಬುದು ಇದರ ಅರ್ಥವಲ್ಲ. ಯೋಚನೆ, ಭಾವನೆ, ಇಚ್ಛೆ ಇವುಗಳ ನಡುವಣ ಹೊಂದಾಣಿಕೆ ತಪ್ಪುವುದೆಂದು ತಿಳಿಯಬಹುದು. ಮುನ್ನೂರು ಜನರಲ್ಲಿ ಸುಮಾರು ಒಬ್ಬರಿಗೆ ಬರುವ ಈ ಕಾಯಿಲೆ ಹೆಚ್ಚಾಗಿ ತಾರುಣ್ಯದಲ್ಲಿಯೇ ಕಾಣಿಸಿಕೊಳ್ಳುತ್ತದೆ.

ಇದಕ್ಕೆ ಎರಡು ಮುಖಗಳುಂಟು. ಇಲ್ಲದ ದನಿ ಕೇಳುವುದು, ಬುಡವಿಲ್ಲದ ಅನುಮಾನ, ಅಸಂಬದ್ಧ ಮಾತು ಇವು ಮೊದಲನೆಯದು. ಇವನ್ನು ನೋಡಿ ಮನೆಯವರು ಹೆದರುತ್ತಾರೆ, ವೈದ್ಯರಲ್ಲಿಗೂ ಓಡುತ್ತಾರೆ. ಔಷಧಿಯಿಂದ ಇವು ಬಹುಮಟ್ಟಿಗೆ ತಗ್ಗುತ್ತವೆ. ಎರಡನೆಯ ಮುಖಕ್ಕೆ ಸದ್ದಿಲ್ಲ. ಮಾತು ಕಡಿಮೆಯಾಗುತ್ತದೆ, ಮುಖದಲ್ಲಿ ಭಾವ ಮೂಡದು, ಯಾರೊಡನೆಯೂ ಬೆರೆಯಬೇಕೆನಿಸದು, ಯಾವ ಕೆಲಸಕ್ಕೂ ಮನಸ್ಸು ಏಳದು. ಔಷಧಿ ಇದರ ಮೇಲೆ ಅಷ್ಟಾಗಿ ನಾಟುವುದಿಲ್ಲ. ‘ಈಗ ವಾಸಿಯಾಯಿತಲ್ಲ, ಇನ್ನೂ ಏಕೆ ಸುಮ್ಮನೆ ಕೂತಿದ್ದಾನೆ?’ ಎಂಬ ಪ್ರಶ್ನೆ ಹುಟ್ಟುವುದು ಇಲ್ಲಿಯೇ.

ಇದಕ್ಕೆ ಸಂಶೋಧಕರು ಕಂಡುಕೊಂಡಿರುವ ಉತ್ತರ ಕುತೂಹಲಕರವಾಗಿದೆ. ಇಂಥವರಲ್ಲಿ ಅನೇಕರು ಎದುರಿಗಿರುವ ಸುಖವನ್ನು ನಮ್ಮಂತೆಯೇ ಅನುಭವಿಸಬಲ್ಲರು. ತಟ್ಟೆಯಲ್ಲಿಟ್ಟ ಮಾವಿನಹಣ್ಣು ಅವರಿಗೂ ಸಿಹಿಯೇ. ‘ನಾಳೆ ಹಣ್ಣು ತಿನ್ನೋಣ, ಅದಕ್ಕಾಗಿ ಇಂದು ತೋಪಿಗೆ ಹೋಗೋಣ’ ಎಂದು ಮನಸ್ಸನ್ನು ಮುಂದಕ್ಕೆಳೆಯುವ ಹಗ್ಗ ಮಾತ್ರ ಸಡಿಲವಾಗಿರುತ್ತದೆ. ಆದ್ದರಿಂದ ಕೆಲಸವನ್ನು ಆರಂಭಿಸುವುದೇ ಅವರಿಗೆ ದೊಡ್ಡ ಬೆಟ್ಟ.

ಇದರಿಂದ ಬದುಕು ಎಷ್ಟು ಕುಂಠಿತವಾಗಿದೆ ಎಂದು ಅಳೆಯಲು ನಮ್ಮ ದೇಶದ ಮನೋವೈದ್ಯರ ಸಂಘ ೨೦೦೨ರಲ್ಲಿ ಒಂದು ಮಾಪನವನ್ನು ಪ್ರಕಟಿಸಿತು. ತನ್ನ ಆರೈಕೆ ತಾನು ಮಾಡಿಕೊಳ್ಳುವುದು, ಜನರೊಡನೆ ಒಡನಾಟ, ಮಾತು ಮತ್ತು ತಿಳಿವಳಿಕೆ, ದುಡಿಮೆ ಎಂಬ ನಾಲ್ಕು ಬಾಬುಗಳಲ್ಲಿ ಅದು ಲೆಕ್ಕ ಹಾಕುತ್ತದೆ. ೨೦೧೬ರ ಅಂಗವಿಕಲರ ಹಕ್ಕುಗಳ ಕಾಯಿದೆಯೂ ಮಾನಸಿಕ ಕಾಯಿಲೆಯಿಂದಾಗುವ ಅಂಗವೈಕಲ್ಯವನ್ನು ಒಪ್ಪಿಕೊಂಡಿದೆ.

ಚಿಕಿತ್ಸೆಯಿಂದ ಫಲವುಂಟೇ? ಉಂಟು. ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ ತಾಲೂಕಿನಲ್ಲಿ ಹಳ್ಳಿಯ ರೋಗಿಗಳನ್ನು ಹುಡುಕಿ, ಔಷಧಿ ಕೊಟ್ಟು, ವರ್ಷದ ಮೇಲೆ ಮತ್ತೆ ನೋಡಿದರು. ಚಿಕಿತ್ಸೆ ಪಡೆದವರ ದೈನಂದಿನ ಬದುಕು ಸುಧಾರಿಸಿತ್ತು. ಪಡೆಯದವರದು ಹಾಗೆಯೇ ಉಳಿದಿತ್ತು. ಹಾಗಾಗಿ ವೈದ್ಯರನ್ನು ಕೇಳದೆ ಔಷಧಿ ನಿಲ್ಲಿಸಬೇಡಿ. ಕೆಲವೊಮ್ಮೆ ಔಷಧಿಯ ಮಂಪರಿನಿಂದಲೋ ಖಿನ್ನತೆಯಿಂದಲೋ ಮಂಕು ಕವಿಯಬಹುದು. ಅದನ್ನೂ ವೈದ್ಯರಿಗೆ ತಿಳಿಸಿ.

ಮಿಕ್ಕ ಅರ್ಧ ಕೆಲಸ ಮನೆಯಲ್ಲಿ ಆಗಬೇಕಾದದ್ದು. ‘ಏನಾದರೂ ಮಾಡು’ ಎಂದರೆ ಅವರಿಗೆ ದಾರಿ ಕಾಣದು. ‘ಬಾ, ಡೈರಿಗೆ ಹಾಲು ಹಾಕಿ ಬರೋಣ’ ಎಂದು ಜೊತೆಯಲ್ಲಿ ಹೊರಡಿ. ದಿನವೂ ಅದೇ ಹೊತ್ತು, ಅದೇ ಸಣ್ಣ ಕೆಲಸ. ಅದು ರೂಢಿಯಾದ ಮೇಲೆ ಇನ್ನೊಂದು. ಮಾಡಿದ್ದನ್ನು ಮೆಚ್ಚಿಕೊಳ್ಳಿ, ಬಿಟ್ಟದ್ದನ್ನು ಎತ್ತಾಡಬೇಡಿ. ಸದಾ ಮೂದಲಿಕೆ ಕೇಳುವ ಮನೆಯಲ್ಲಿ ಕಾಯಿಲೆ ಬೇಗ ಮರುಕಳಿಸುತ್ತದೆಂದು ಇಂಗ್ಲೆಂಡಿನಲ್ಲಿ ನಡೆದ ಅಧ್ಯಯನಗಳು ಹಿಂದೆಯೇ ತೋರಿಸಿವೆ. ಅವರ ಕೆಲಸವನ್ನೆಲ್ಲ ನೀವೇ ಮಾಡಿಬಿಡುವುದೂ ತರವಲ್ಲ. ‘ಮದುವೆ ಮಾಡಿದರೆ ಸರಿಹೋಗುತ್ತದೆ’ ಎಂಬ ಮಾತನ್ನು ನಂಬಬೇಡಿ. ಮದುವೆ ಔಷಧಿಯಲ್ಲ, ವಿಷಯ ಮುಚ್ಚಿಟ್ಟು ಮಾಡಿದರೆ ಎರಡು ಮನೆಗಳಿಗೆ ಸಂಕಟ.

ಎಲ್ಲಿಗೆ ಹೋಗಬೇಕೆಂದು ತಿಳಿಯದಿದ್ದರೆ ಕೋಲಾರದ ಶ್ರೀ ನರಸಿಂಹರಾಜ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ. ೨೦೨೨ರಲ್ಲಿ ಆರಂಭವಾದ ಸರ್ಕಾರದ ಟೆಲಿ-ಮಾನಸ್ ದೂರವಾಣಿ ೧೪೪೧೬ಕ್ಕೆ ಯಾವ ಹೊತ್ತಿನಲ್ಲಾದರೂ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಇನ್ನು, ಇಂಥವರು ನಿಮ್ಮ ನೆರೆಮನೆಯಲ್ಲಿದ್ದರೆ, ಮುಂದಿನ ಹಬ್ಬಕ್ಕೆ ಕರೆಯುವಾಗ ಅವರ ಹೆಸರನ್ನೂ ಹಿಡಿದು ಕರೆಯಿರಿ. ಬಾರದಿದ್ದರೆ ಅದರ ಮುಂದಿನ ಹಬ್ಬಕ್ಕೂ ಕರೆಯಿರಿ.