ಜಾಲಪುಟದ ದೃಶ್ಯಪಾಠಗಳು ಮತ್ತು ಕೀಲಿಮಣೆ

ಜಾಲಪುಟಗಳಲ್ಲಿ ಬರಹದ ನಡುವೆ ದೃಶ್ಯವನ್ನೂ ಧ್ವನಿಯನ್ನೂ ಅಳವಡಿಸುವುದು ಈಗ ವಾಡಿಕೆಯಾಗಿದೆ. 2017ರಲ್ಲಿ ಸ್ಥಾಪಿತವಾದ ಬೆಂಗಳೂರು ಉತ್ತರ ವಿಶ್ವವಿದ್ಯಾಲಯದ ವ್ಯಾಪ್ತಿಗೆ ಸೇರಿದ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ವಿದ್ಯಾರ್ಥಿಗಳೂ ಇಂತಹ ಪಾಠಗಳನ್ನು ಅವಲಂಬಿಸುತ್ತಾರೆ. ಆದರೆ ಪಾಠವು ಪರದೆಯ ಮೇಲಿರುವುದು ಬೇರೆ, ವಿದ್ಯಾರ್ಥಿಗೆ ಎಟುಕುವುದು ಬೇರೆ. ಈ ಅಂತರವನ್ನು ಕೀಲಿಮಣೆಯ ದೃಷ್ಟಿಯಿಂದ ಇಲ್ಲಿ ವಿವೇಚಿಸುತ್ತೇವೆ.

ಮೌಸನ್ನು ನಡೆಸಲು ಕಾಣುವ ಕಣ್ಣೂ ನಡುಗದ ಕೈಯೂ ಬೇಕು. ದೃಷ್ಟಿಯಿಲ್ಲದವರು ಎನ್‌ವಿಡಿಎ ಮೊದಲಾದ ಪರದೆ ಓದುವ ತಂತ್ರಾಂಶಗಳ ಧ್ವನಿಯನ್ನು ಆಲಿಸುತ್ತ, ಕೀಲಿಮಣೆಯಿಂದಲೇ ಪುಟದಲ್ಲಿ ಸಂಚರಿಸುತ್ತಾರೆ. ಟ್ಯಾಬ್ ಕೀಲಿಯು ಒಂದು ಗುಂಡಿಯಿಂದ ಮುಂದಿನದಕ್ಕೆ ಒಯ್ಯುತ್ತದೆ. ಶಿಫ್ಟ್‌ನೊಡನೆ ಒತ್ತಿದರೆ ಹಿಂದಕ್ಕೆ ತರುತ್ತದೆ. ಎಂಟರ್ ಅಥವಾ ಸ್ಪೇಸ್ ಒತ್ತಿದಾಗ ಗುಂಡಿ ಕೆಲಸಮಾಡುತ್ತದೆ. ಆಯಾ ಕ್ಷಣದಲ್ಲಿ ನಿಂತಿರುವ ಸ್ಥಾನಕ್ಕೆ ಫೋಕಸ್ ಎಂದು ಹೆಸರು.

ಮಾವಿಗೆ ಹೆಸರಾದ ಶ್ರೀನಿವಾಸಪುರದ ವಿದ್ಯಾರ್ಥಿಯೊಬ್ಬನು, ಕೊಯ್ಲಿನ ತರುವಾಯ ಮಾವಿನ ಕೊಂಬೆಗಳನ್ನು ಸವರುವ ಕ್ರಮವನ್ನು ವಿವರಿಸುವ ದೃಶ್ಯಪಾಠವನ್ನು ತೆರೆದನೆಂದು ಭಾವಿಸೋಣ. ಅವನಿಗೆ ನಾಲ್ಕು ಬಗೆಯ ಅಡ್ಡಿಗಳು ಒದಗಬಹುದು. ಮೊದಲನೆಯದಾಗಿ, ಗುಂಡಿಯಂತೆ ಕಾಣುವುದು ನಿಜವಾದ ಗುಂಡಿಯಾಗಿರದೆ ಬರಿಯ ಚಿತ್ರವಾಗಿದ್ದರೆ ಟ್ಯಾಬ್ ಅದನ್ನು ದಾಟಿಹೋಗುತ್ತದೆ. ಪಾಠ ಆರಂಭವಾಗುವುದೇ ಇಲ್ಲ. ಎರಡನೆಯದಾಗಿ, ಫೋಕಸ್ ದೃಶ್ಯದ ಚೌಕಟ್ಟಿನೊಳಗೆ ಸೇರಿ ಹೊರಬರಲಾರದೆ ಸಿಕ್ಕಿಕೊಳ್ಳಬಹುದು. 2020ರ ಕೊನೆಗೆ ಅಡೋಬಿಯ ಬೆಂಬಲವನ್ನು ಕಳೆದುಕೊಂಡ ಫ್ಲ್ಯಾಶ್‌ನ ಕಾಲದಲ್ಲಿ ಈ ದೋಷ ಕುಪ್ರಸಿದ್ಧವಾಗಿತ್ತು. ಮೂರನೆಯದಾಗಿ, ಅಂದಕ್ಕಾಗಿ ಫೋಕಸ್‌ನ ಗೆರೆಯನ್ನು ಅಳಿಸಿದರೆ, ಕಣ್ಣಿದ್ದು ಕೈ ನಡುಗುವವನು ದಾರಿ ತಪ್ಪುತ್ತಾನೆ. ನಾಲ್ಕನೆಯದಾಗಿ, ಪಾಠವು ತಾನಾಗಿ ಆರಂಭವಾದರೆ ಅದರ ಧ್ವನಿಯು ಪರದೆ ಓದುವ ಧ್ವನಿಯನ್ನು ಮುಳುಗಿಸುತ್ತದೆ. ನಿಲ್ಲಿಸುವ ಗುಂಡಿ ಎಲ್ಲಿದೆಯೆಂದು ಕೇಳಿಸುವುದೇ ಇಲ್ಲ.

ಇವುಗಳಿಗೆ ಪರಿಹಾರ ಕಠಿಣವಲ್ಲ. ಎಚ್‌ಟಿಎಂಎಲ್ ಭಾಷೆಯ 'ವಿಡಿಯೊ' ಅಂಶಕ್ಕೆ 'ಕಂಟ್ರೋಲ್ಸ್' ಎಂಬ ಗುಣವನ್ನು ಸೇರಿಸಿದರೆ, ಬ್ರೌಸರ್ ತನ್ನ ಗುಂಡಿಗಳನ್ನು ತಾನೇ ಒದಗಿಸುತ್ತದೆ. ಸ್ವಂತ ಗುಂಡಿಗಳನ್ನು ರಚಿಸುವುದಾದರೆ 'ಬಟನ್' ಅಂಶವನ್ನೇ ಬಳಸಿ, ಪ್ರತಿಯೊಂದಕ್ಕೂ ಹೆಸರು ಕೊಡಬೇಕು. ಅನ್ಯತಾಣದ ದೃಶ್ಯವನ್ನು ಐಫ್ರೇಮ್ ಮೂಲಕ ತರುವಾಗ ಆ ಚೌಕಟ್ಟಿಗೆ ಪಾಠದ ಶೀರ್ಷಿಕೆಯನ್ನೇ ಹೆಸರಾಗಿ ಇಡಬೇಕು. ದೃಶ್ಯವು ಬೇರೆಯವರದೆಂಬ ಸಮಾಧಾನ ಸಲ್ಲದು. ಪುಟದಲ್ಲಿ ಅದನ್ನು ಇರಿಸಿದವರು ನಾವು.

ಈ ನಿಯಮಗಳು ಹೊಸವಲ್ಲ. ಎಲ್ಲ ಕಾರ್ಯಗಳೂ ಕೀಲಿಮಣೆಯಿಂದ ಸಾಧ್ಯವಾಗಬೇಕು, ಫೋಕಸ್ ಎಲ್ಲಿಯೂ ಸಿಕ್ಕಿಕೊಳ್ಳಬಾರದು, ತಾನಾಗಿ ಮೊಳಗುವ ಧ್ವನಿಯು 3 ಸೆಕೆಂಡುಗಳನ್ನು ಮೀರಿದರೆ ಅದನ್ನು ನಿಲ್ಲಿಸುವ ಉಪಾಯವಿರಬೇಕು ಎಂಬಿವು ಡಬ್ಲ್ಯುಸಿಎಜಿ 2.0 ಎಂಬ ಅಂತರರಾಷ್ಟ್ರೀಯ ಮಾರ್ಗಸೂಚಿಯಲ್ಲಿ 2008ರಲ್ಲಿಯೇ ಕನಿಷ್ಠ ಮಟ್ಟದ ಅಗತ್ಯಗಳೆನಿಸಿದುವು. ಭಾರತ ಸರ್ಕಾರದ ಜಾಲತಾಣಗಳಿಗೆ 2009ರಲ್ಲಿ ಮಾರ್ಗಸೂಚಿ ಹೊರಟಿತು. 2016ರ ಅಂಗವಿಕಲರ ಹಕ್ಕುಗಳ ಅಧಿನಿಯಮವು ವಿದ್ಯುನ್ಮಾನ ಮಾಧ್ಯಮದ ವಿಷಯವೂ ಸುಗಮ್ಯವಾಗಿರಬೇಕೆಂದು ವಿಧಿಸಿತು. 2025ರ ಏಪ್ರಿಲ್ 30ರಂದು ಸರ್ವೋಚ್ಚ ನ್ಯಾಯಾಲಯವು ಡಿಜಿಟಲ್ ಸೇವೆಗಳ ಪ್ರವೇಶವನ್ನು ಸಂವಿಧಾನದ 21ನೆಯ ವಿಧಿಯ ಜೀವಿಸುವ ಹಕ್ಕಿನ ಅಂಗವೆಂದು ಸಾರಿತು. ಆದುದರಿಂದ ಇದು ಔದಾರ್ಯದ ಮಾತಲ್ಲ, ಹಕ್ಕಿನ ಮಾತು.

ಪರೀಕ್ಷೆಗೆ ವಿಶೇಷ ಉಪಕರಣಗಳೇನೂ ಬೇಕಿಲ್ಲ. ಪಾಠವನ್ನು ಪ್ರಕಟಿಸುವ ಮುನ್ನ ಅಧ್ಯಾಪಕರು ಮೌಸನ್ನು ಬದಿಗಿರಿಸಿ, ಟ್ಯಾಬ್‌ನಿಂದ ದೃಶ್ಯವನ್ನು ತಲುಪಿ, ಅದನ್ನು ಆರಂಭಿಸಿ, ನಿಲ್ಲಿಸಿ, ಧ್ವನಿಯನ್ನು ತಗ್ಗಿಸಿ, ಚೌಕಟ್ಟಿನಿಂದ ಹೊರಬಂದು ಮುಂದಿನ ವಾಕ್ಯಕ್ಕೆ ಸಾಗಲಿ. ಎಲ್ಲಿ ತಡೆಯುಂಟಾಗುವುದೋ ಅಲ್ಲಿಯೇ ಒಬ್ಬ ವಿದ್ಯಾರ್ಥಿಯ ಪಾಠವೂ ನಿಲ್ಲುತ್ತದೆಂದು ತಿಳಿದು, ಅದನ್ನು ಸರಿಪಡಿಸಿದ ಬಳಿಕವೇ ಪುಟವನ್ನು ಪ್ರಕಟಿಸಬೇಕು.