ಮೂರು ಕಡೆ ಹೊಳೆ, ನಡುವೆ ಬನವಾಸಿ

ಮಕ್ಕಳೇ, ನಿಮ್ಮ ಸಮಾಜ ಪುಸ್ತಕದಲ್ಲಿ ಬನವಾಸಿ ಎಂದರೆ ಕದಂಬರ ರಾಜಧಾನಿ. ನನಗೆ ಮೊದಲು ನೆನಪಾಗುವುದು ವರದಾ ಹೊಳೆ, ಆಮೇಲೆ ಅನಾನಸು. ಬ್ಯಾಂಕಿನಲ್ಲಿ ಬೆಳೆಸಾಲದ ಲೆಡ್ಜರ್ ಬರೆದವನ ಬುದ್ಧಿ!

ಶಿರಸಿ ತಾಲ್ಲೂಕಿನ ಪುಟ್ಟ ಊರು ಇದು. ಸಾಗರದ ಕಡೆ ಹುಟ್ಟುವ ವರದೆ ಊರನ್ನು ಮೂರು ಕಡೆ ಬಳಸಿ, ಮುಂದೆ ತುಂಗಭದ್ರೆಗೆ ಸೇರುತ್ತಾಳೆ. ರಾಜರಿಗೆ ಪುಕ್ಕಟೆ ಕಂದಕ, ರೈತರಿಗೆ ಮೆಕ್ಕಲು ಮಣ್ಣು. ಮಳೆ ಜೋರಾದರೆ ಅದೇ ಹೊಳೆ ಗದ್ದೆಗೆ ನುಗ್ಗುತ್ತದೆ. ನಾಟಿ ಮಾಡಿದ ಭತ್ತ ದಿನಗಟ್ಟಲೆ ನೀರಿನಡಿ ಇದ್ದರೆ ಕೊಳೆತೇ ಹೋಗುತ್ತದೆ. ಸಾಲ ಮಾತ್ರ ಕೊಳೆಯುವುದಿಲ್ಲ.

4ನೇ ಶತಮಾನದ ಮಯೂರಶರ್ಮ ಓದಲೆಂದು ಕಂಚಿಗೆ ಹೋದವನು. ಅಲ್ಲಿ ಪಲ್ಲವರ ಕುದುರೆ ಸವಾರನೊಡನೆ ಜಗಳವಾಗಿ ಕತ್ತಿ ಹಿಡಿದನೆಂದು ತಾಳಗುಂದದ ಕಂಬದ ಶಾಸನ ಹೇಳುತ್ತದೆ.

ಮಧುಕೇಶ್ವರ ದೇವಾಲಯದಲ್ಲಿ ಅದಕ್ಕೂ ಹಳೆಯದೊಂದು ಐದು ಹೆಡೆಯ ನಾಗರಕಲ್ಲಿದೆ. ಸಾತಕರ್ಣಿ ಅರಸನ ಮಗಳು ನಾಗನ ಜೊತೆಗೆ ಕೆರೆ, ವಿಹಾರಗಳನ್ನೂ ದಾನ ಕೊಟ್ಟಳೆಂದು ಅದರ ಮೇಲೆ ಪ್ರಾಕೃತದಲ್ಲಿ ಬರೆದಿದೆ. ಕೆತ್ತಿದ ನಟಕನ ಹೆಸರೂ ಇದೆ! ನನಗೆ ಹಿಡಿಸಿದ್ದು ಕೆರೆಯ ಮಾತು. ಪಕ್ಕದಲ್ಲೇ ಹೊಳೆ ಇದ್ದರೂ ಬೇಸಿಗೆಗೆ ನೀರು ಕೂಡಿಡಬೇಕಲ್ಲ.

ಈಗ ನೀರು ನಿಲ್ಲದ ದಿಬ್ಬಗಳಲ್ಲಿ ಅನಾನಸು ಬೆಳೆಯುತ್ತಾರೆ. ಗಿಡ ನೆಟ್ಟು ಹಣ್ಣು ಕೊಯ್ಯಲು ಸುಮಾರು ಒಂದೂವರೆ ವರ್ಷ ಬೇಕು. ಎಲ್ಲರ ಹಣ್ಣೂ ಒಮ್ಮೆಗೇ ಮಾಗಿದರೆ ಬೆಲೆ ಕುಸಿಯುತ್ತದೆ. ಕೆಡುವ ಹಣ್ಣು, ಕಾಯಿಸಿಡುವಂತಿಲ್ಲ.

ಅಜ್ಜ ಅಜ್ಜಿಯರೇ, ಮೊಮ್ಮಕ್ಕಳೊಡನೆ ಹೋದಾಗ ದೇವಾಲಯದ ಕಲ್ಲಿನ ಮಂಚ ತೋರಿಸಿ. ಹೊರಗೆ ಬಂದು ಹಣ್ಣು ಕೊಳ್ಳಿ, ಚೌಕಾಶಿ ಬೇಡ.