ಹಳೇ ಕೋಡಿನ ನಡುವೆ ರಸ್ಟ್

2016ರ ಆಗಸ್ಟ್‌ನಲ್ಲಿ ಫೈರ್‌ಫಾಕ್ಸ್ ಬ್ರೌಸರ್‌ನ 48ನೇ ಆವೃತ್ತಿ ಬಂತು. ಜನ ಎಂದಿನಂತೆ ಅಪ್‌ಡೇಟ್ ಮಾಡಿಕೊಂಡರು, ವಿಡಿಯೊ ನೋಡಿದರು. ಎಂಪಿ4 ಕಡತದ ಆರಂಭದ ಮಾಹಿತಿಯನ್ನು ಓದುವ ಒಂದು ಸಣ್ಣ ಭಾಗ ಆ ಆವೃತ್ತಿಯಲ್ಲಿ ರಸ್ಟ್ ಎಂಬ ಹೊಸ ಭಾಷೆಯಲ್ಲಿತ್ತು. ಸುತ್ತ ಇದ್ದದ್ದು ವರ್ಷಗಟ್ಟಲೆ ಬೆಳೆದು ನಿಂತ ಸಿ ಪ್ಲಸ್ ಪ್ಲಸ್ ಕೋಡ್. ಅದು ಹಾಗೆಯೇ ಉಳಿಯಿತು.

ಆ ಜಾಗವನ್ನೇ ಆರಿಸಿಕೊಂಡದ್ದು ಸರಿಯಾಗಿತ್ತು. ವಿಡಿಯೊ ಕಡತ ಎಲ್ಲಿಂದಲೋ, ಯಾರಿಂದಲೋ ಬರುತ್ತದೆ. ತನ್ನ ಯಾವ ಭಾಗದಲ್ಲಿ ಎಷ್ಟು ಬೈಟ್ ಇದೆ ಎಂದು ಕಡತವೇ ಹೇಳುತ್ತದೆ. ಅದು ಸುಳ್ಳು ಹೇಳಿ, ಪ್ರೋಗ್ರಾಂ ನಂಬಿಬಿಟ್ಟರೆ ಕೆಲಸ ಕೆಟ್ಟಿತು. ಹಿಂದಿನ ವರ್ಷ ತಾನೇ ಆಂಡ್ರಾಯ್ಡ್‌ನ ಸ್ಟೇಜ್‌ಫ್ರೈಟ್ ಎಂಬ ಮೀಡಿಯಾ ಲೈಬ್ರರಿಯಲ್ಲಿ ಇಂಥ ದೋಷಗಳು ಸಿಕ್ಕಿದ್ದವು. ಬರೀ ಒಂದು ಎಂಎಂಎಸ್ ಕಳಿಸಿ ಫೋನಿನೊಳಗೆ ನುಗ್ಗಬಹುದಿತ್ತು. ಫೈರ್‌ಫಾಕ್ಸ್ ರೂಪಿಸುವ ಮೊಜಿಲ್ಲಾ ಸಂಸ್ಥೆ ಹಳೆಯ ಭಾಗವನ್ನು ಅವಸರದಲ್ಲಿ ಕಿತ್ತುಹಾಕಲಿಲ್ಲ. ಹಳೆಯದರ ಉತ್ತರದೊಂದಿಗೆ ಹೊಸದರ ಉತ್ತರವನ್ನು ತಾಳೆ ನೋಡಿತು. 100 ಕೋಟಿಗೂ ಹೆಚ್ಚು ಸಲ ಓಡಿದರೂ ರಸ್ಟ್ ಭಾಗದಿಂದ ಒಂದು ತೊಂದರೆಯೂ ವರದಿಯಾಗಲಿಲ್ಲ.

ಇಂಥ ಮೆಮೊರಿ ದೋಷ ಹೇಗೆ ಹುಟ್ಟುತ್ತದೆ ಎಂದು ನೋಡಲು ನಮ್ಮ ಲಿಪಿಯೇ ಸಾಕು. ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್ ಬೇಕು. ‘ಕನ್ನಡ’ ಕಣ್ಣಿಗೆ ಮೂರಕ್ಷರ. ಕಂಪ್ಯೂಟರಿಗೆ ಅದು ಕ, ನ, ಹಲಂತ ಚಿಹ್ನೆ, ನ, ಡ ಎಂಬ 5 ಸಂಕೇತ, ಅಂದರೆ 15 ಬೈಟ್. ಸಿ ಭಾಷೆ ಸ್ಟ್ರಿಂಗ್‌ನ ಕೊನೆಗೆ ಇಡುವ ಸೊನ್ನೆಯೂ ಸೇರಿದರೆ 16. ಇಂಗ್ಲಿಷ್ ಹೆಸರುಗಳನ್ನಷ್ಟೇ ಮನಸ್ಸಿನಲ್ಲಿಟ್ಟುಕೊಂಡು ಯಾರೋ 10 ಬೈಟ್ ಜಾಗ ಬಿಟ್ಟಿದ್ದರೆ, ಸ್ಟ್ರಿಂಗ್ ನಕಲು ಮಾಡುವ ಸಿ ಭಾಷೆಯ ಹಳೆಯ ಫಂಕ್ಷನ್ ಉಳಿದ 6 ಬೈಟ್‌ಗಳನ್ನು ಪಕ್ಕದ ಜಾಗದ ಮೇಲೆ ಬರೆದುಬಿಡುತ್ತದೆ. ಅಲ್ಲಿ ಯಾರದೋ ಖಾತೆಯ ಮೊತ್ತ ಇತ್ತೋ, ಫಂಕ್ಷನ್ ಮುಗಿದ ಮೇಲೆ ಮರಳಬೇಕಾದ ವಿಳಾಸ ಇತ್ತೋ, ಅದು ನೋಡುವುದಿಲ್ಲ. ದಾಳಿಕೋರರು ಹುಡುಕುವುದು ಇಂಥ ಜಾಗವನ್ನೇ.

ತಾನು ಪ್ರತಿವರ್ಷ ಸರಿಪಡಿಸುವ ಭದ್ರತಾ ದೋಷಗಳಲ್ಲಿ ಸುಮಾರು ಶೇ 70ರಷ್ಟು ಮೆಮೊರಿಗೆ ಸಂಬಂಧಿಸಿದವು ಎಂದು ಮೈಕ್ರೋಸಾಫ್ಟ್ 2019ರಲ್ಲಿ ಹೇಳಿತು. ಮರುವರ್ಷ ಗೂಗಲ್‌ನ ಕ್ರೋಮ್ ತಂಡ ತನ್ನ ಗಂಭೀರ ದೋಷಗಳ ಲೆಕ್ಕ ಕೊಟ್ಟಿತು. ಅಲ್ಲಿಯೂ ಸುಮಾರು ಶೇ 70. ಕೋಡ್ ಬೇರೆ, ಎಂಜಿನಿಯರ್‌ಗಳು ಬೇರೆ, ಪ್ರಮಾಣ ಮಾತ್ರ ಅದೇ. ಇಷ್ಟಾದ ಮೇಲೂ ‘ಪ್ರೋಗ್ರಾಮರ್ ಇನ್ನಷ್ಟು ಎಚ್ಚರ ವಹಿಸಬೇಕಿತ್ತು’ ಎನ್ನುವುದು ಅನ್ಯಾಯ.

ಮೊಜಿಲ್ಲಾದಲ್ಲಿದ್ದ ಗ್ರೇಡನ್ ಹೋರ್ 2006ರಲ್ಲಿ ಸ್ವಂತ ಆಸಕ್ತಿಯಿಂದ ಶುರುಮಾಡಿದ ಭಾಷೆ ರಸ್ಟ್, ಅದರ 1.0 ಆವೃತ್ತಿ ಬಂದದ್ದು 2015ರ ಮೇ ತಿಂಗಳಲ್ಲಿ. ಅದರ ತಿರುಳು ಒಡೆತನ. ಜಮೀನು ಕ್ರಯವಾಗಿ ಪಹಣಿಯಲ್ಲಿ ಹೆಸರು ಬದಲಾದ ಮೇಲೆ ಹಿಂದಿನ ಮಾಲೀಕ ಅಲ್ಲಿ ಉಳುವಂತಿಲ್ಲ, ಗುತ್ತಿಗೆಗೆ ಪಡೆದವನು ಅವಧಿ ಮೀರಿ ಕೂರುವಂತಿಲ್ಲ. ರಸ್ಟ್‌ನಲ್ಲಿ ಮೆಮೊರಿಯ ಕಥೆಯೂ ಹಾಗೆಯೇ. ಒಡೆತನದ ಈ ತಪಾಸಣೆ ಪ್ರೋಗ್ರಾಂ ಓಡುವ ಮೊದಲೇ, ಕಂಪೈಲ್ ಹಂತದಲ್ಲೇ ಮುಗಿಯುತ್ತದೆ. ಕೊಟ್ಟ ಜಾಗದ ಆಚೆಗೆ ಬರೆಯಲು ಹೋದರೆ ಓಡುವ ಪ್ರೋಗ್ರಾಂ ಅಲ್ಲೇ ನಿಲ್ಲುತ್ತದೆ. ಜಾವಾದಂತೆ ಹಿನ್ನೆಲೆಯಲ್ಲಿ ಮೆಮೊರಿ ಗುಡಿಸುವ ವ್ಯವಸ್ಥೆ ಇಲ್ಲದ್ದರಿಂದ ಸಿ ಪ್ರೋಗ್ರಾಂನ ಒಳಗೆ ರಸ್ಟ್ ಸುಲಭವಾಗಿ ಕೂರುತ್ತದೆ.

ಹಾಗಿದ್ದರೆ ಎಲ್ಲವನ್ನೂ ಹೊಸದಾಗಿ ಬರೆಯಬಾರದೇಕೆ? ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆಯ ತಿರುಳಾದ ಕರ್ನಲ್ ಒಂದರಲ್ಲೇ 3 ಕೋಟಿಗೂ ಹೆಚ್ಚು ಸಾಲುಗಳಿವೆ. ಹಳೇ ಕೋಡಿನ ವಿಚಿತ್ರವಾಗಿ ಕಾಣುವ ಎಷ್ಟೋ ಸಾಲುಗಳ ಹಿಂದೆ, ಎಂದೋ ಯಾವುದೋ ಯಂತ್ರದಲ್ಲಿ ಎದುರಾದ ತೊಂದರೆಗೆ ಕಂಡುಕೊಂಡ ಪರಿಹಾರ ಇರುತ್ತದೆ. ಎಲ್ಲ ಕಿತ್ತು ಬರೆದರೆ ಆ ತಿಳಿವಳಿಕೆಯೂ ಹೋಗುತ್ತದೆ. ಮೇಲಾಗಿ ರಸ್ಟ್ ಎಲ್ಲ ದೋಷಕ್ಕೂ ಮದ್ದಲ್ಲ. ಫೈರ್‌ಫಾಕ್ಸ್ 2017ರಲ್ಲಿ ಪುಟದ ವಿನ್ಯಾಸ ಲೆಕ್ಕಹಾಕುವ ಭಾಗವನ್ನು ರಸ್ಟ್‌ಗೆ ಬದಲಿಸಿತು. ಹಳೆಯ ಭಾಗದಲ್ಲಿ ಅಲ್ಲಿಯವರೆಗೆ ಸಿಕ್ಕಿದ್ದ 69 ಭದ್ರತಾ ದೋಷಗಳಲ್ಲಿ 51 ರಸ್ಟ್‌ನಲ್ಲಿ ಹುಟ್ಟುತ್ತಲೇ ಇರಲಿಲ್ಲ ಎಂದು ಮೊಜಿಲ್ಲಾ ಲೆಕ್ಕ ಹಾಕಿತು. ಉಳಿದ 18 ರಸ್ಟ್‌ನಲ್ಲಿ ಬರೆದರೂ ಬರಬಹುದಾದವು.

ಹಳೆಯದನ್ನು ಸ್ವಲ್ಪಸ್ವಲ್ಪವಾಗಿ ಬದಲಿಸಿದ್ದಕ್ಕೆ ನನಗೆ ಹೆಚ್ಚು ಹಿಡಿಸಿದ ಉದಾಹರಣೆ ಲಿಬ್‌ಆರ್‌ಎಸ್‌ವಿಜಿ. ಎಸ್‌ವಿಜಿ ಚಿತ್ರಗಳನ್ನು ಬಿಡಿಸುವ ಲೈಬ್ರರಿ ಇದು. ಕನ್ನಡ ವಿಕಿಪೀಡಿಯದ ಎಷ್ಟೋ ನಕ್ಷೆ, ಬಾವುಟಗಳು ನಮ್ಮ ಪರದೆಗೆ ಬರುವುದು ಇದರ ಕೈದಾಟಿ. ಲಿನಕ್ಸ್ ಡೆಸ್ಕ್‌ಟಾಪ್‌ಗಳಲ್ಲಿ ಬಳಸುವ ಗ್ನೋಮ್ ಯೋಜನೆಯ ಸ್ಥಾಪಕರಲ್ಲೊಬ್ಬರಾದ ಫೆಡೆರಿಕೊ ಮೆನಾ ಕ್ವಿಂಟೆರೊ 2016ರಲ್ಲಿ ಇದರ ಸಿ ಕೋಡನ್ನು ತುಂಡುತುಂಡಾಗಿ ರಸ್ಟ್‌ಗೆ ತರತೊಡಗಿದರು. ಹೊರಗಿನ ಫಂಕ್ಷನ್‌ಗಳ ಹೆಸರು, ಅವಕ್ಕೆ ಕೊಡಬೇಕಾದ ಮೌಲ್ಯಗಳು ಬದಲಾಗಲಿಲ್ಲ. ಕೆಲವು ವರ್ಷಗಳಲ್ಲಿ ಒಳಗಿನದೆಲ್ಲ ರಸ್ಟ್ ಆಯಿತು. ಅದನ್ನು ಬಳಸುತ್ತಿದ್ದ ಸಿ ಪ್ರೋಗ್ರಾಂಗಳು ತಮ್ಮ ಪಾಡಿಗೆ ತಾವು ನಡೆದವು.

ಇಂಥ ಕೆಲಸದಲ್ಲಿ ನಿಜವಾದ ಕಷ್ಟ ಎರಡು ಭಾಷೆ ಕೂಡುವ ಗಡಿಯಲ್ಲಿದೆ. ಸಿ ಕಡೆಯಿಂದ ಬಂದ ಪಾಯಿಂಟರ್ (ಮೆಮೊರಿಯ ವಿಳಾಸ) ತೋರಿಸುವ ಜಾಗ ಇನ್ನೂ ಬದುಕಿದೆಯೋ ಇಲ್ಲವೋ ರಸ್ಟ್ ಕಂಪೈಲರ್‌ಗೆ ಗೊತ್ತಾಗುವುದಿಲ್ಲ. ಅಂಥ ಸಾಲುಗಳನ್ನು ‘ಅನ್‌ಸೇಫ್’ ಎಂದು ಗುರುತು ಹಾಕಿ, ಹೊಣೆಯನ್ನು ಪ್ರೋಗ್ರಾಮರ್ ಹೊರಬೇಕು. ಸಿ ಸ್ಟ್ರಿಂಗ್ ಎಲ್ಲಿ ಮುಗಿಯುತ್ತದೆ ಎಂದು ಹೇಳುವುದು ಕೊನೆಯ ಸೊನ್ನೆ. ರಸ್ಟ್ ಸ್ಟ್ರಿಂಗ್ ತನ್ನ ಉದ್ದವನ್ನು ಜೊತೆಯಲ್ಲೇ ಇಟ್ಟುಕೊಳ್ಳುತ್ತದೆ, ಮೇಲಾಗಿ ಅದು ಯುಟಿಎಫ್-8 ಆಗಿರಲೇಬೇಕು. ಯೂನಿಕೋಡ್‌ಗೆ ಮುಂಚೆ ಹಳೆಯ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ ಕಡತ ಕೊಟ್ಟರೆ, ಪರೀಕ್ಷಿಸಿ ಓದುವ ಫಂಕ್ಷನ್ ಇದು ಸರಿಯಾದ ಪಠ್ಯವಲ್ಲ ಎಂದು ಹಿಂತಿರುಗಿಸುತ್ತದೆ. ಆಗ ಏನು ಮಾಡಬೇಕೆಂದು ಬರೆದವರು ಮೊದಲೇ ಯೋಚಿಸಿರಬೇಕು. ಒಂದು ಕಡೆ ಪಡೆದ ಮೆಮೊರಿಯನ್ನು ಇನ್ನೊಂದು ಕಡೆ ಬಿಡುಗಡೆ ಮಾಡುವಂತಿಲ್ಲ. ರಸ್ಟ್ ಕೊಟ್ಟದ್ದನ್ನು ರಸ್ಟ್‌ಗೇ ಹಿಂದಿರುಗಿಸಲು ಒಂದು ಫಂಕ್ಷನ್ ಇಟ್ಟಿರಬೇಕು. ಗಡಿಯ ಪದರ ತೆಳ್ಳಗಿದ್ದಷ್ಟೂ ಒಳ್ಳೆಯದು. ರಸ್ಟ್ ತಂದಿದ್ದೇವೆ, ಇನ್ನು ಭಯವಿಲ್ಲ ಎಂದುಕೊಳ್ಳುವ ತಂಡ ಎಡವುವುದು ಇಲ್ಲಿಯೇ.

ಆಂಡ್ರಾಯ್ಡ್ ತಂಡ ಆರಿಸಿದ ದಾರಿಯೇ ಸರಿ ಎನ್ನುವುದು ನನ್ನ ನಿಲುವು. ಅವರು ಹಳೆಯದನ್ನು ತಿದ್ದಿ ಬರೆಯಲು ಕೂರಲಿಲ್ಲ. ಹೊಸದಾಗಿ ಬರೆಯುವ ಕೋಡನ್ನು ಹೆಚ್ಚು ಹೆಚ್ಚಾಗಿ ರಸ್ಟ್‌ನಂಥ ಸುರಕ್ಷಿತ ಭಾಷೆಗಳಲ್ಲಿ ಬರೆದರು. 2019ರಲ್ಲಿ ಅವರ ಭದ್ರತಾ ದೋಷಗಳಲ್ಲಿ ಶೇ 76ರಷ್ಟಿದ್ದ ಮೆಮೊರಿ ದೋಷಗಳ ಪಾಲು 2024ಕ್ಕೆ ಶೇ 24ಕ್ಕೆ ಇಳಿಯಿತು. ಏಕೆಂದರೆ ಇಂಥ ದೋಷಗಳು ಹೆಚ್ಚಾಗಿ ಇರುವುದು ಹೊಸ ಕೋಡಿನಲ್ಲಿ. ವರ್ಷಗಟ್ಟಲೆ ಓಡಿ, ತಿದ್ದಿಸಿಕೊಂಡ ಕೋಡಿನಲ್ಲಿ ಅವು ತಾವಾಗಿ ಕಡಿಮೆಯಾಗುತ್ತ ಬಂದಿರುತ್ತವೆ.

ಲಿನಕ್ಸ್‌ನಲ್ಲಿ ಈ ಹಾದಿ ಇಷ್ಟು ಸಲೀಸಾಗಿರಲಿಲ್ಲ. 2022ರ ಡಿಸೆಂಬರ್‌ನ 6.1 ಆವೃತ್ತಿಯಲ್ಲಿ ರಸ್ಟ್‌ಗೆ ಜಾಗ ಸಿಕ್ಕಿತು. ಸಿ ಕಡೆ ಒಂದು ಫಂಕ್ಷನ್ ಬದಲಾದರೆ ಅದನ್ನು ನೆಚ್ಚಿದ ರಸ್ಟ್ ಕೋಡನ್ನು ಸರಿಪಡಿಸುವವರು ಯಾರು ಎಂಬ ಜಗಳ ವರ್ಷಗಳವರೆಗೆ ನಡೆಯಿತು. 2024ರಲ್ಲಿ ಲಿನಕ್ಸ್‌ಗೆ ರಸ್ಟ್ ತರುವ ಯೋಜನೆಯ ಪ್ರಮುಖರೊಬ್ಬರು ಬೇಸತ್ತು ಹೊರನಡೆದರು. ಹಿರಿಯ ಸಿ ಎಂಜಿನಿಯರ್‌ಗಳ ಆಕ್ಷೇಪವನ್ನು ಹಟಮಾರಿತನ ಎಂದು ತಳ್ಳಿಹಾಕಲಾಗದು. ಎರಡು ಭಾಷೆಯ ಕೋಡನ್ನು ದಶಕಗಳ ಕಾಲ ನೋಡಿಕೊಳ್ಳುವುದು ದೊಡ್ಡ ಹೊರೆ. ಆದರೂ ಹೊರೆಗೆ ಹೆದರಿ ಅದೇ ಬಗೆಯ ದೋಷವನ್ನು ಮತ್ತೆ ಮತ್ತೆ ಬಳಕೆದಾರರ ತಲೆಗೆ ಕಟ್ಟುವುದು ಸರಿಯಲ್ಲ.

ಬೆಂಗಳೂರಿನ ಕಚೇರಿಗಳಲ್ಲಿ ಸಿ, ಸಿ ಪ್ಲಸ್ ಪ್ಲಸ್ ಕೋಡನ್ನು ಕಾಪಾಡಿಕೊಂಡು ಬರುತ್ತಿರುವ ಎಂಜಿನಿಯರ್‌ಗಳು ಬಹಳ ಮಂದಿ. ನಮ್ಮ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಹುಡುಗರು ಮೊದಲ ವರ್ಷ ಕಲಿಯುವುದೂ ಸಿ. ಅದು ವ್ಯರ್ಥವಲ್ಲ, ಗಡಿಯಲ್ಲಿ ನಿಂತು ಎರಡೂ ಕಡೆ ಓದಬಲ್ಲವರ ಅಗತ್ಯ ಇನ್ನು ಹೆಚ್ಚಲಿದೆ. ಸಿ ಬಲ್ಲವರು ರಸ್ಟ್‌ಗೂ ಕೈ ಹಾಕಲಿ. ಕಂಪೈಲರ್ ಉಚಿತ, ಅಧಿಕೃತ ಪುಸ್ತಕವೂ ಆನ್‌ಲೈನ್‌ನಲ್ಲಿ ಉಚಿತವಾಗಿ ಓದಲು ಸಿಗುತ್ತದೆ.